ರೇಷ್ಮೆ ಎಳೆ ಸುತ್ತಿದ ಫ್ಲಾಸ್ಕು

ಬೆಳಗಿನ ಐದೂವರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಕೂಟಗಲ್ ಕಡೆಯ ಗೂಡಿನ ಮೂಟೆಗಳು ಇಳಿಯುತ್ತಿವೆ. ಪಕ್ಕದ ತಳ್ಳುಗಾಡಿಯಲ್ಲಿ ಮುನಿಕೃಷ್ಣ ಎರಡು ಫ್ಲಾಸ್ಕುಗಳಿಗೆ ಟೀ ಸೋಸುತ್ತಿದ್ದಾರೆ. ಎರಡೂ ಒಂದೇ ಬಣ್ಣ, ಒಂದೇ ಅಳತೆ. ಒಂದರ ಹಿಡಿಗೆ ಮಾತ್ರ ರೇಷ್ಮೆ ಎಳೆ ಸುತ್ತಿದೆ. ಅದರಲ್ಲಿರುವುದು ಸಕ್ಕರೆ ಹಾಕದ ಟೀ. ಈ ಗುಟ್ಟು ಗೊತ್ತಿರುವುದು ಅವರಿಗೆ ಮತ್ತು ಅದನ್ನು ಕುಡಿಯುವ ಇಪ್ಪತ್ತಾರು ಮಂದಿಗೆ.

ಗುಟ್ಟೇಕೆ? ವ್ಯಾಪಾರ ಕುದುರಿದರೆ ರೈತ ರೀಲರ್‌ಗೆ, ಅಂದರೆ ಗೂಡು ಕೊಂಡು ನೂಲು ತೆಗೆಯುವವರಿಗೆ, ಟೀ ಕೊಡಿಸುವುದು ಈ ಗಾಡಿಯ ಬಳಿಯ ರೂಢಿ. ಬೇಡವೆಂದರೆ ಗೂಡಿನಲ್ಲೇನೋ ಐಬು ಕಂಡಿರಬೇಕೆಂದು ರೈತನ ಮುಖ ಬಾಡುತ್ತದೆ. ಸಕ್ಕರೆ ಬೇಡ ಅನ್ನಲು ರೀಲರ್‌ಗೆ ನಾಚಿಕೆ. ಹೀಗೆ ದಾಕ್ಷಿಣ್ಯಕ್ಕೆ ಬಿದ್ದು ಮಧ್ಯಾಹ್ನದೊಳಗೆ ಎಂಟು ಲೋಟ ಒಳಗಿಳಿಯುತ್ತದೆ.

ರೀಲರ್ ವಹಾಬ್ ಹಾಗೆ ಕುಡಿದವರೇ. ಮಾತ್ರೆ ನುಂಗಿದರೂ, ಮನೆಯಲ್ಲಿ ಸಿಹಿ ಮುಟ್ಟದಿದ್ದರೂ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ. ಕಾಲ್ಬೆರಳಿನ ಗಾಯ ಮಾಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು.

"ಸ್ವೀಟ್ ತಿಂತೀರಾ ಅಂತ ಕೇಳಿದ್ರು, ಇಲ್ಲ ಅಂದೆ. ಟೀ ಎಲ್ಲ ಯಾರು ಲೆಕ್ಕ ಇಡ್ತಾರೆ?" ಎನ್ನುತ್ತಾರೆ ವಹಾಬ್.

"ನಾನ್ ಇಟ್ಟಿದ್ದೆ ಕಣಣ್ಣ, ದಿನಾ ಎಂಟು," ಎಂದು ಮುನಿಕೃಷ್ಣ ನಗುತ್ತಾರೆ.

ಬೆರಳಿನ ಸುದ್ದಿ ಮುನಿಕೃಷ್ಣರ ಕಿವಿಗೆ ಬಿದ್ದಾಗ ಹುಟ್ಟಿದ್ದು ಈ ಎರಡನೇ ಫ್ಲಾಸ್ಕು. ಮೊದಲ ವಾರವೇ ಎಡವಟ್ಟಾಯಿತು. ತಿಂಡಿ ತಿನ್ನದೆ ಮಾತ್ರೆ ನುಂಗಿ ಬಂದಿದ್ದ ವಹಾಬ್, ಹತ್ತರ ಹೊತ್ತಿಗೆ ಬೆವೆತು, ಕೈ ನಡುಗಿ ಕುಸಿದರು. ಮುನಿಕೃಷ್ಣ ಸಕ್ಕರೆ ನೀರು ಕುಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಓಡಿದರು. "ಮೊದ್ಲೆಲ್ಲ ಟೀಲಿದ್ದ ಸಕ್ಕರೇನೇ ಅವ್ರನ್ನ ಬೀಳ್ದಂಗೆ ಹಿಡ್ಕಂಡಿತ್ತು. ನಂಗೇನ್ ಗೊತ್ತು? ಒಳ್ಳೇದ್ ಮಾಡಕ್ಕೋಗಿ ಕೊಂದೇಬುಡ್ತಿದ್ದೆ," ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ. ಎಂಟು ಲೋಟದ ಸಂಗತಿ ಡಾಕ್ಟರಿಗೆ ತಿಳಿದದ್ದೂ ಅಂದೇ. ಮಾತ್ರೆಯ ಅಳತೆ ಬದಲಾಯಿತು. ಹೊತ್ತಿಗೆ ಸರಿಯಾಗಿ ಊಟ, ಸಂಜೆಯ ನಡಿಗೆ, ಗಾಯಕ್ಕೆ ದಿನವೂ ಡ್ರೆಸಿಂಗ್ ಶುರುವಾದವು.

ಅಂದಿನಿಂದ "ತಿಂಡಿ ಆಯ್ತಾ?" ಎಂದು ಕೇಳದೆ ಮುನಿಕೃಷ್ಣ ಆ ಫ್ಲಾಸ್ಕಿಗೆ ಕೈ ಹಾಕುವುದಿಲ್ಲ. ಇಲ್ಲವೆಂದವರಿಗೆ ಡಬ್ಬಿಯಿಂದ ಎರಡು ಇಡ್ಲಿ. ಆ ಡಬ್ಬಿ ಇರುವುದು ಗಾಡಿಯ ಪಕ್ಕದ ಒಂದೇ ಒಂದು ಸ್ಟೂಲಿನ ಮೇಲೆ. ಅದರ ಮೇಲೆ ಯಾರೂ ಕೂರುವಂತಿಲ್ಲ.

ಗಾಡಿ ಮುನಿಕೃಷ್ಣರ ತಂದೆ ನರಸಯ್ಯನವರದು. ಅವರಿಗೂ ಇದೇ ಕಾಯಿಲೆ ಇತ್ತು. "ಗಂಟೆಗೊಂದ್ಸಲ ಒಸಿ ಟೀ ಕೊಡ್ಲಾ ಮಗ ಅನ್ನೋರು. ಖುಷಿ ಪಡ್ಲಿ ಅಂತ ನಾನೇ ಸಕ್ಕರೆ ಜಾಸ್ತಿ ಹಾಕ್ಕೊಡ್ತಿದ್ದೆ. ಕೊನೆಗೆ ಕಾಲೇ ಹೋಯ್ತು," ಎಂದು ಮುನಿಕೃಷ್ಣ ಲೋಟ ತೊಳೆಯುತ್ತಾರೆ.

ಅಷ್ಟರಲ್ಲಿ ವಹಾಬ್ ಬರುತ್ತಾರೆ. ಗಾಯ ಮಾಯ್ದಿದೆ, ಬೆರಳು ಉಳಿದಿದೆ. ತಿಂಡಿ ಆಗಿದೆಯೆಂದು ಒಪ್ಪಿಸಿ, ಲೋಟ ಹಿಡಿದು ರೈತನೊಬ್ಬನ ಜೊತೆ ಗೂಡಿನ ದರದ ಮಾತಿಗೆ ನಿಲ್ಲುತ್ತಾರೆ.

ದೊಡ್ಡ ಅಂಗಡಿ ಮಾಡುವ ಆಸೆಯಿಲ್ಲವೇ ಎಂದರೆ ಮುನಿಕೃಷ್ಣ ತಲೆಯಾಡಿಸುತ್ತಾರೆ.

"ಅಂಗ್ಡಿ ಗಿಂಗ್ಡಿ ಬ್ಯಾಡ. ಇವ್ರೆಲ್ಲ ಹಿಂಗೇ ನಿಂತ್ಕಂಡ್ ಟೀ ಕುಡೀತಿರ್ಲಿ. ನಮ್ಮಪ್ಪ ಕಡೇಲಿ ಆ ಸ್ಟೂಲ್ ಮ್ಯಾಲೆ ಕೂತ್ಕಂಡ್ ಕುಡುದ್ರು."