ನಮ್ಮ ಕಾರಿನ ಹಳದಿ ಪ್ರೈಮರ್

ನೀವೇ ಹೇಳಿ ಮಾರಾಯ್ರೆ, ಇವತ್ತು ನಾನು ಬಾಯಿ ಮುಚ್ಚಿಕೊಂಡದ್ದು ಸರಿಯೋ ತಪ್ಪೋ.

ವಿದ್ಯಾನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ತುಕ್ಕು ಹಿಡಿದು ನಿಂತಿದ್ದ ಅಂಬಾಸಿಡರಿಗೆ ಹೊಸ ಬಣ್ಣ ಹೊಡೆಯಲು ಭದ್ರಾವತಿಯಿಂದ ಪೇಂಟರ್ ಬಶೀರ್ ಸಾಹೇಬರು ಬಂದಿದ್ದರು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಮನೆಗೆ ಬಂದವರಿಗೆಲ್ಲ ಹೇಳುವ ಕಥೆ ಶುರು ಮಾಡಿದರು: "ಇದು ದೊಡ್ಡ ಡಾಕ್ಟ್ರು ಓಡಿಸಿದ ಕಾರು. ಬಾಡಿಗೆಗೆ ಒಂದ್ಸಲಾನೂ ಹೋಗಿಲ್ಲ."

ಸಾಹೇಬರು ಟಾಪ್ ಉಜ್ಜಿದರು. ಬಿಳಿ ಹೋಯಿತು, ಅದರ ಕೆಳಗಿನ ನೀಲಿಯೂ ಹೋಯಿತು, ಹಳದಿ ಬಂತು. ಬಾಗಿಲು ಉಜ್ಜಿದರೆ ಕಪ್ಪು. ಹಳೇ ಟ್ಯಾಕ್ಸಿಗಳ ಬಣ್ಣ.

"ಅಪ್ಪಾ, ಇದು ಟ್ಯಾಕ್ಸಿ ಆಗಿತ್ತು" ಅಂದುಬಿಟ್ಟೆ.

ಅಪ್ಪನ ಮುಖ ಸಣ್ಣದಾಯಿತು. ಕಾರು ಮಾರಿದ ಬ್ರೋಕರ್ ಹೇಳಿದ್ದನ್ನು ಅವರು ನಲವತ್ತು ವರ್ಷ ನಂಬಿದ್ದರು.

ಸಾಹೇಬರು ಉಜ್ಜುವುದನ್ನು ನಿಲ್ಲಿಸಲೇ ಇಲ್ಲ. "ಟ್ಯಾಕ್ಸಿ ಎಲ್ಲಿಂದ ಬಂತು ಮೇಡಂ? ಆಗೆಲ್ಲ ಬಣ್ಣಕ್ಕೆ ಮೊದ್ಲು ಅಡಿಗೆ ಟಾಪಿಗೆ ಹಳದಿ ಪ್ರೈಮರ್, ಬಾಗಿಲಿಗೆ ಕಪ್ಪು ಪ್ರೈಮರ್ ಹೊಡೀತಿದ್ರು."

ಅಪ್ಪ ನನ್ನತ್ತ ತಿರುಗಿದರು. "ಕೇಳಿದ್ಯಾ? ಕೆಲ್ಸ ಗೊತ್ತಿರೋರು ಹೇಳೋದು ಕೇಳ್ಬೇಕು."

ಸಾಹೇಬರು ಹೊರಟಾಗ ಅವರನ್ನು ಗೇಟಿನ ಹತ್ತಿರ ಹಿಡಿದೆ. "ನಿಜವಾಗ್ಲೂ ಎರಡು ಬಣ್ಣದ ಪ್ರೈಮರ್ ಇತ್ತಾ?"

"ನಾನಂತೂ ನೋಡಿಲ್ಲ ಮೇಡಂ" ಎಂದರು ಕೈ ಒರೆಸಿಕೊಳ್ಳುತ್ತ. "ಆದ್ರೆ ಎಷ್ಟು ಬೇಕೋ ಅಷ್ಟೇ ಉಜ್ಜಬೇಕು. ಜಾಸ್ತಿ ಉಜ್ಜಿದ್ರೆ ತಗಡು ತೂತಾಗತ್ತೆ."

ನಾನು ಇದನ್ನು ಬರೆಯುತ್ತಿರುವಾಗ ಅಪ್ಪ ಕಾಂಪೌಂಡಿನ ಬಳಿ ನಿಂತು ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದಾರೆ: "ಎರಡು ಥರದ ಪ್ರೈಮರ್ ರೀ. ಆಗ ಡಾಕ್ಟ್ರ ಕಾರಿಗೆ ಮಾತ್ರ ಹೊಡೀತಿದ್ರಂತೆ."