ಆಟಕ್ಕೆ ಬೆನ್ನು ಕೊಟ್ಟು ನಿಂತವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ವ್ಯಾನು ಆಗಷ್ಟೇ ಬೀದಿಯ ತಿರುವು ದಾಟಿದೆ. ಡಿಪೋ ಕ್ಲಬ್ಬಿನ ಫುಟ್‌ಬಾಲ್ ಮೈದಾನದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟವರೊಬ್ಬರು ಗ್ಯಾಲರಿಯ ಮುಂದಿನ ಕಬ್ಬಿಣದ ಕಂಬಿಗಳನ್ನು ಒಂದೊಂದಾಗಿ ಹಿಡಿದು ಅಲುಗಿಸುತ್ತಿದ್ದಾರೆ. ಗಟ್ಟಿಯಿದ್ದರೆ ಮುಂದಕ್ಕೆ, ಸಡಿಲವಿದ್ದರೆ ಸುಣ್ಣದ ಗುರುತು. ಗ್ಯಾಲರಿಯಿಂದ ಮೈದಾನಕ್ಕೆ ಇಳಿಯುವ ಗೇಟಿನ ಹತ್ತಿರ ಬಂದಾಗ ಅವರ ಕೈ ನಿಲ್ಲುತ್ತದೆ. ಗೇಟಿಗೆ ಹೊಸ ಸರಪಳಿ ಬಿದ್ದಿದೆ, ಹಳೆಯದಕ್ಕಿಂತ ದಪ್ಪದ್ದು. ಬೀಗವೂ ಹೊಸದು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇದೆ.

“ನೋಡಿದ್ರಾ? ಆಗಿದ್ದನ್ನ ನೋಡಿ ಕಮಿಟಿಯೋರು ಬುದ್ಧಿ ಕಲೀತಾರೆ ಅಂದ್ಕೊಂಡಿದ್ದೆ. ಕಲ್ತಿದಾರೆ. ಇನ್ನೂ ದಪ್ಪ ಸರಪಳಿ ತರೋದನ್ನ ಕಲ್ತಿದಾರೆ!” ಎನ್ನುತ್ತಾರೆ.

ಇವರಿಗೆ ತಾಯಿ ಇಟ್ಟ ಹೆಸರು ಬೇರೆಯೇ ಇದೆ. ಅದು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ಮೈದಾನದಲ್ಲಿ ಎಲ್ಲರಿಗೂ ಇವರು ಬೆನ್ನಣ್ಣ. ಪಂದ್ಯದ ದಿನ ಜನರ ಕಡೆ ಮುಖ ಮಾಡಿ ಕಾವಲು ನಿಲ್ಲುವುದು ಇವರ ಕೆಲಸ. ಆಟ ನಡೆಯುವುದು ಇವರ ಬೆನ್ನ ಹಿಂದೆ. ತಿರುಗಿ ನೋಡುವಂತಿಲ್ಲ, ನೋಡಿದರೆ ಆ ದಿನದ ಕೂಲಿ ಕಟ್. ಅದರಲ್ಲೂ ಇವರನ್ನು ನಿಲ್ಲಿಸುವುದು ಎದುರಾಳಿ ಬೆಂಬಲಿಗರ ಗ್ಯಾಲರಿಯ ಮುಂದೆ. ಇಪ್ಪತ್ತು ವರ್ಷಕ್ಕೂ ಮೀರಿ ಇವರು ಅಲ್ಲೇ ನಿಂತಿದ್ದಾರೆ, ಒಂದೇ ಒಂದು ಗೋಲನ್ನೂ ಕಣ್ಣಾರೆ ಕಂಡಿಲ್ಲ.

ಹಾಗೆಂದು ಇವರಿಗೆ ಆಟದ ಹುಚ್ಚಿಲ್ಲ ಎಂದುಕೊಂಡರೆ ಕೆಟ್ಟಿರಿ. ರೈಲು ಹಳಿಯ ಈಚೆ ಡಿಪೋ, ಆಚೆ ಮಿಲ್ಲು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿದೆ, ಅದರ ತಂಡ ಉಳಿದಿದೆ, ಎರಡು ತಂಡಗಳ ಜಗಳವೂ ಉಳಿದಿದೆ. ಬೆನ್ನಣ್ಣನ ಅಪ್ಪ ಡಿಪೋದಲ್ಲಿ ಬಸ್ ಡ್ರೈವರ್. ಅಕ್ಕನ ಮದುವೆಯ ಮಾತುಕತೆಯಲ್ಲಿ ಅವರು ಹುಡುಗನಿಗೆ ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಯಾವ ತಂಡ ಎಂಬುದು. ಹುಡುಗ ಮಿಲ್ಲಿನ ಕಡೆಯವನು, “ನನಗೆ ಕ್ರಿಕೆಟ್ ಇಷ್ಟ” ಎಂದು ಹೇಳಿ ಪಾರಾದ. ಆ ಭಾವನನ್ನು ಬೆನ್ನಣ್ಣ ಇವತ್ತಿಗೂ ಅದೇ ಮಾತು ಎತ್ತಿ ಕಾಡಿಸುತ್ತಾರೆ.

ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮೊದಲ ಡಿಪೋ–ಮಿಲ್ಲು ಪಂದ್ಯ ಇವರಿಗೆ ಇನ್ನೂ ನೆನಪಿದೆ. ಡಿಪೋ ಸೋತಿತ್ತು. ಆಮೇಲಿನ ನೆನಪುಗಳೆಲ್ಲ ಎದುರಾಳಿಗಳ ಮುಖದವು. “ಮಿಲ್ಲಿನೋರ ಬಾಯಿ ಮೊದ್ಲು ಮುಚ್ಚುತ್ತೆ, ಆಮೇಲೆ ಎರಡೂ ಕೈ ತಲೆ ಮೇಲೆ ಹೋಗುತ್ತೆ. ಕೈ ತಲೆ ಮೇಲೆ ಹೋಯ್ತು ಅಂದ್ರೆ ಗೋಲು ನಮ್ದು. ನಾನು ನಗೋ ಹಾಗಿಲ್ಲ ನೋಡಿ, ಹಲ್ಲು ಕಂಡ್ರೆ ಚಪ್ಪಲಿ ಹಾರಿ ಬರುತ್ತೆ. ಕೆನ್ನೆ ಒಳಗಡೆ ಕಚ್ಕೊಂಡು ನಿಲ್ತೀನಿ. ಗೆದ್ದ ದಿನ ಬಾಯೆಲ್ಲ ಹುಣ್ಣು!” ಒಂದು ವರ್ಷ ಜೋರು ಮಳೆಯಲ್ಲಿ ಚೆಂಡು ಡಿಪೋದ ಗೋಲುಗೆರೆಯ ಮೇಲೇ ನೀರಿನಲ್ಲಿ ಸಿಕ್ಕಿಕೊಂಡಿತಂತೆ. “ನನಗೇನು ಗೊತ್ತು? ಇಡೀ ಗ್ಯಾಲರಿ ಬಗ್ಗಿ ಬಾಯಲ್ಲಿ ಉಫ್ ಉಫ್ ಅಂತ ಊದ್ತಾ ಇದೆ, ಚೆಂಡು ಒಳಗೆ ಹೋಗ್ಲಿ ಅಂತ. ಆಗ್ಲೇ ಅರ್ಥ ಆಯ್ತು.”

ಪಂದ್ಯ ಹೇಗಾಯಿತು ಎಂದು ತಿಳಿಯುವುದು ಮನೆಗೆ ಹೋದ ಮೇಲೆ. ಹೆಂಡತಿ ಟೀವಿಯಲ್ಲಿ ನೋಡಿರುತ್ತಾರೆ. ಅಡುಗೆಮನೆಯ ನೆಲದ ಮೇಲೆ ಆಲೂಗಡ್ಡೆ ಹರಡಿ, ಈ ದಪ್ಪಗಿರೋದು ನಮ್ಮ ಹತ್ತನೇ ನಂಬರು, ಈ ಮೊಳಕೆ ಬಂದಿರೋದು ಅವರ ಗೋಲ್‌ಕೀಪರ್ ಎಂದು ಗೋಲುಗಳನ್ನೆಲ್ಲ ಮತ್ತೊಮ್ಮೆ ಹೊಡೆದು ತೋರಿಸುತ್ತಾರೆ. ಅದೇ ಆಲೂಗಡ್ಡೆ ರಾತ್ರಿಯ ಪಲ್ಯವಾಗುತ್ತದೆ.

ಎರಡು ವರ್ಷದ ಹಿಂದಿನ ಪಂದ್ಯವನ್ನು ಮಾತ್ರ ಆ ನೆಲದ ಮೇಲೆ ಯಾರೂ ಆಡಿ ತೋರಿಸಲಿಲ್ಲ. ಅಂದು ಗೆದ್ದರೆ ಲೀಗ್ ಡಿಪೋದ್ದು. ಒಂದು ಗೋಲು ಮುಂದಿತ್ತು, ಮುಗಿಯಲು ಹತ್ತೇ ನಿಮಿಷ ಬಾಕಿ. ಕ್ಲಬ್ಬಿನ ಕಮಿಟಿ ಮಿಲ್ಲಿನವರ ಗ್ಯಾಲರಿಗೆ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಟಿಕೆಟ್ ಮಾರಿತ್ತು. ಹಿಂದಿನಿಂದ ಜನ ಒತ್ತುತ್ತಲೇ ಇದ್ದರು, ಮುಂದಿನ ಗೇಟಿಗೆ ಸರಪಳಿ, ಅದರ ಕೀಲಿಕೈ ಅತಿಥಿಗಳ ಸಾಲಿನಲ್ಲಿ ಕೂತ ಕಾರ್ಯದರ್ಶಿಯ ಜೇಬಿನಲ್ಲಿ.

“ಗೋಲು ಹೋಗ್ಲಿ ಬಿಡ್ಲಿ, ಜನ ಯಾವಾಗ್ಲೂ ಚೆಂಡು ನೋಡ್ತಾರೆ. ಅವತ್ತು ಮುಂದಿನ ಸಾಲಿನೋರು ಚೆಂಡು ನೋಡ್ತಿರ್ಲಿಲ್ಲ. ನನ್ನನ್ನ ನೋಡ್ತಿದ್ರು. ಬಾಯಿ ತೆಗೀತಿದ್ರು, ದನಿ ಬರ್ತಿರ್ಲಿಲ್ಲ.” ಹೀಗೆನ್ನುತ್ತ ಬೆನ್ನಣ್ಣ ಕಂಬಿಯನ್ನು ಹಿಡಿದುಕೊಳ್ಳುತ್ತಾರೆ. ಮೈದಾನದಲ್ಲಿ ಅಷ್ಟು ಸಾವಿರ ಜನ, ಅಷ್ಟು ಕ್ಯಾಮೆರಾ ಇದ್ದವು, ಎಲ್ಲರ ಕಣ್ಣೂ ಆಟದ ಮೇಲೆ. ಆ ಮುಖಗಳು ಕಂಡಿದ್ದು ಆಟಕ್ಕೆ ಬೆನ್ನು ಹಾಕಿದ್ದ ಇವರೊಬ್ಬರಿಗೆ.

ವಾಕಿಟಾಕಿಯಲ್ಲಿ ಕಾರ್ಯದರ್ಶಿಯ ಹತ್ತಿರ ಕೀಲಿಕೈ ಕೇಳಿದರು. ಬಂದ ಉತ್ತರ: “ಆಟ ಮುಗೀಲಿ, ನೋಡೋಣ.” ಮತ್ತೆ ಕೇಳಿದರು, ಅದೇ ಉತ್ತರ. ಬೆನ್ನಣ್ಣ ವಾಕಿಟಾಕಿಯನ್ನು ನೆಲಕ್ಕೆ ಎಸೆದರು. ಗೋಲಿನ ಬಲೆಗೆ ಗೂಟ ಹೊಡೆಯುವ ಸುತ್ತಿಗೆ ಮೈದಾನದಂಚಿನಲ್ಲಿ ಬಿದ್ದಿತ್ತು, ಅದನ್ನೆತ್ತಿ ಬೀಗ ಒಡೆದರು. ಮಿಲ್ಲಿನವರು ಮೈದಾನದ ಹುಲ್ಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಉಸಿರೆಳೆದುಕೊಂಡರು. ಕೈಕಾಲು ಮುರಿದವರಿದ್ದರು, ಪಕ್ಕೆಲುಬು ಮುರಿದವರಿದ್ದರು. ಸತ್ತವರು ಯಾರೂ ಇರಲಿಲ್ಲ.

ರೆಫರಿ ಆಟ ನಿಲ್ಲಿಸಿದ. ಜನ ಮೈದಾನಕ್ಕೆ ನುಗ್ಗಿದ್ದು ಆತಿಥೇಯ ಕ್ಲಬ್ಬಿನ ತಪ್ಪು ಎಂದು ಲೀಗಿನವರು ಪಂದ್ಯವನ್ನು ಮಿಲ್ಲಿಗೆ ಕೊಟ್ಟರು, ಜೊತೆಗೆ ಲೀಗೂ ಹೋಯಿತು. ಹೆಚ್ಚು ಟಿಕೆಟ್ ಮಾರಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಕೂತವರನ್ನೂ ಕೇಳಲಿಲ್ಲ. ಕಮಿಟಿ ವಿಚಾರಣೆಯ ಶಾಸ್ತ್ರ ಮುಗಿಸಿ, ಅನುಮತಿಯಿಲ್ಲದೆ ಬೀಗ ಒಡೆದ ಅಪರಾಧವನ್ನು ಕಾವಲುಗಾರನ ತಲೆಗೆ ಕಟ್ಟಿ ಕೈತೊಳೆದುಕೊಂಡಿತು. ಇವರನ್ನು ಒಂದು ಸೀಸನ್ ಪೂರ್ತಿ ಪಾಯಿಖಾನೆ ತೊಳೆಯಲು ಹಾಕಿದರು. ಸ್ವಂತ ಬೀದಿಯವರೇ ಮನೆಯ ಗೋಡೆಯ ಮೇಲೆ ‘ಮಿಲ್ಲಿನ ಅಳಿಯ’ ಎಂದು ಬರೆದರು. ಭಾವನನ್ನು ಉಳಿಸಲು ಬಾಗಿಲು ತೆಗೆದ ಎಂದು ಉಪ್ಪು ಖಾರ ಹಚ್ಚಿ ಆಡಿಕೊಂಡರು.

“ನಮ್ಮ ಭಾವ ಅವತ್ತು ಜ್ವರ ಬಂದು ಮನೇಲಿ ಮಲಗಿದ್ದ. ಇದ್ದಿದ್ರೂ ತೆಗೀತಿದ್ದೆ, ಇಲ್ದಿದ್ರೂ ತೆಗ್ದೆ. ಲೀಗ್ ಹೋಯ್ತು ಅಂತ ನನಗೆ ಹೊಟ್ಟೆ ಉರೀಲಿಲ್ವಾ? ನಾನೇನು ಮಿಲ್ಲಿನೋನಾ?” ಎಂದು ಕೇಳುವಾಗ ಅವರ ದನಿ ಏರುತ್ತದೆ. ಹೆಂಡತಿಯದು ಅದಕ್ಕಿಂತ ಬಿಸಿ. “ಗೋಡೆ ನಾನು ಒರೆಸಿಲ್ಲ. ಬರೆದೋರು ದಿನಾ ಅದರ ಮುಂದೇನೇ ಓಡಾಡ್ಬೇಕಲ್ಲ, ಓದ್ಕೊಂಡು ಓಡಾಡ್ಲಿ.” ಇನ್ನು ಮಿಲ್ಲಿನವರೋ, ಪುಕ್ಕಟೆ ಗೆಲುವು ಕೊಟ್ಟ ಮಹಾನುಭಾವ ಎಂದು ಪ್ರತಿ ಪಂದ್ಯದಲ್ಲೂ ಇವರ ಮೇಲೆ ಹಾಡು ಕಟ್ಟಿ ಕುಣಿಯುತ್ತಾರೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಸುಮ್ಮನಾಗುವುದು ನಮ್ಮ ರೂಢಿ. ಬೆನ್ನಣ್ಣ ತಾವಾಗಿ ಮರೆಗೆ ಸರಿದವರಲ್ಲ. ಎಲೆಯನ್ನು ಅಡ್ಡ ಹಿಡಿದವರು ಇದ್ದಾರೆ, ಅತಿಥಿಗಳ ಸಾಲಿನಲ್ಲಿ ಇಂದಿಗೂ ಅವರದ್ದೇ ಕುರ್ಚಿ. ಈ ವರ್ಷ ಇವರನ್ನು ಗ್ಯಾಲರಿಯ ಮುಂದಕ್ಕೆ ವಾಪಸು ಕರೆದದ್ದು ಪಶ್ಚಾತ್ತಾಪದಿಂದಲ್ಲ. ಮಿಲ್ಲಿನವರ ಬೈಗುಳ ತಿನ್ನುತ್ತ ಅಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೇ. ಬೀಗದ ಬದಲು, ಒಳಗಿನಿಂದ ಕೈಯಲ್ಲೇ ತಳ್ಳಿ ತೆಗೆಯುವಂಥ ಚಿಲಕ ಹಾಕಿ ಎಂದು ಇವರು ಬೇಡಿಕೊಂಡಿದ್ದಾರೆ. ಕಮಿಟಿಯದು ಜಾಣ ಕಿವುಡು. ಸಂಜೆ ಮತ್ತೆ ಡಿಪೋ–ಮಿಲ್ಲು ಪಂದ್ಯ, ಮತ್ತೆ ಗ್ಯಾಲರಿ ಭರ್ತಿ.

ಬಿಸಿಲೇರುವ ಹೊತ್ತಿಗೆ ಕಾರ್ಯದರ್ಶಿ ಮೈದಾನ ನೋಡಲು ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೀಲಿಕೈಗೊಂಚಲು. ಬೆನ್ನಣ್ಣನ ಜಾಕೆಟ್ಟಿನ ಒಂದು ಪಕ್ಕ ಉಬ್ಬಿರುವುದು ಅವರ ಕಣ್ಣಿಗೆ ಬೀಳುತ್ತದೆ.

“ಏನದು?”

“ಸುತ್ತಿಗೆ ಸಾರ್.”

“ಸುತ್ತಿಗೆ ಯಾಕಯ್ಯಾ ನಿನಗೆ?”

“ಕೀಲಿಕೈ ನೀವು ಇಟ್ಕೊಂಡಿದ್ದೀರಲ್ಲ ಸಾರ್, ಅದಕ್ಕೆ.”

ಕಾರ್ಯದರ್ಶಿಯ ಮುಖ ಕೆಂಪೇರುತ್ತದೆ. “ಅದನ್ನ ಇಲ್ಲಿಟ್ಟು ನಿಂತ್ಕೊ. ಇಲ್ಲ ಅಂದ್ರೆ ಜಾಕೆಟ್ ಬಿಚ್ಚಿ ಮನೆಗೆ ನಡಿ.”

ಬೆನ್ನಣ್ಣ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಜಾಕೆಟ್ಟು ಬಿಚ್ಚುತ್ತಾರೆ. ನೀಟಾಗಿ ಮಡಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾರೆ. “ತಗೊಳ್ಳಿ ಸಾರ್. ಆದ್ರೆ ಸಂಜೆ ಇದನ್ನ ನೀವೇ ಹಾಕ್ಕೊಂಡು ಇಲ್ಲಿ ನಿಲ್ಬೇಕು. ಆಟ ಮುಗಿಯೋ ತನಕ, ಅವರ ಮುಖ ನೋಡ್ಕೊಂಡು.”

ಕಾರ್ಯದರ್ಶಿ ಜಾಕೆಟ್ಟನ್ನು ಮುಟ್ಟುವುದಿಲ್ಲ. ಖಾಲಿ ಗ್ಯಾಲರಿಯ ಕಡೆ ಒಮ್ಮೆ ನೋಡಿ, ಏನೋ ಗೊಣಗಿಕೊಂಡು ಹೊರಟುಹೋಗುತ್ತಾರೆ, ಗೊಂಚಲು ಕೈಯಲ್ಲೇ ಇದೆ.

ಸಂಜೆ ಗ್ಯಾಲರಿ ತುಂಬುತ್ತದೆ. ಹಾಡು ಶುರುವಾಗುತ್ತದೆ, ಬೈಗುಳವೂ. ಬೆನ್ನಣ್ಣ ಮತ್ತೆ ಜಾಕೆಟ್ಟು ತೊಟ್ಟು ಎಂದಿನ ಜಾಗದಲ್ಲಿ ನಿಂತಿದ್ದಾರೆ. ಮೊದಲರ್ಧ ಮುಗಿಯುವ ಮುನ್ನ ಬೆನ್ನ ಹಿಂದೆ ದೊಡ್ಡ ಬೊಬ್ಬೆ ಏಳುತ್ತದೆ, ಎದುರಿಗೆ ಬಾಯಿಗಳು ಮುಚ್ಚುತ್ತವೆ, ಕೈಗಳು ತಲೆಯ ಮೇಲೆ ಹೋಗುತ್ತವೆ. ಗೋಲು ಡಿಪೋದ್ದು! ಹೇಗೆ ಹೊಡೆದರೆಂದು ರಾತ್ರಿ ಆಲೂಗಡ್ಡೆ ಹೇಳುತ್ತದೆ. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು, ಅವರು ಮುಂದಿನ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ನೋಡುತ್ತ ಹೋಗುತ್ತಾರೆ. ಎಲ್ಲರೂ ಚೆಂಡನ್ನೇ ನೋಡುತ್ತಿದ್ದಾರೆ. ಆದರೂ ಜಾಕೆಟ್ಟಿನೊಳಗೆ ಬೆನ್ನಣ್ಣನ ಕೈ ಸುತ್ತಿಗೆಯನ್ನು ಬಿಟ್ಟಿಲ್ಲ.