ಮಿನುಗುತ್ತಿದ್ದ ಸಾಲು

ಕೆಲವು ತಿಂಗಳ ಹಿಂದೆ ಅರಂತೋಡಿನ ಹಮೀದ್ ಬಂದು ನನ್ನ ಮೇಜಿನ ಮೇಲೆ ಒಂದು ಫ್ಲಾಪಿ ಇಟ್ಟರು. ಅದಕ್ಕೆ ಕಪಾಟಿನ ನುಸಿಗುಳಿಗೆಯ ವಾಸನೆ. ಹೆಂಡತಿ ಸಫಿಯಾ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಬಟ್ಟೆಗಳ ನಡುವೆ ಸಿಕ್ಕಿತಂತೆ.

"ಇದ್ರಲ್ಲಿ ಅವಳ ಪದ್ಯ ಉಂಟಲ್ಲ ಸರ್, ಒಮ್ಮೆ ತೋರಿಸ್ತೀರಾ?"

ಒಂದು ಕಾಲದಲ್ಲಿ ನಾನು ಸುಳ್ಯದಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದೆ ಎಂದರೆ ನೀವು ನಗಬಾರದು. ಇವತ್ತು ಪುಸ್ತಕ ನೋಡಿ ಕಲಿತದ್ದನ್ನೇ ನಾಳೆ ಗಂಭೀರವಾಗಿ ಕಲಿಸುತ್ತಿದ್ದೆ. ಕಲಿಯಲು ಬರುತ್ತಿದ್ದ ಉಳಿದವರಿಗೆ ಕೆಲಸ ಬೇಕಿತ್ತು. ಸಫಿಯಾರಿಗೆ ಒಂದು ವೆಬ್ ಪುಟ. ದುಬೈಯಲ್ಲಿದ್ದ ಗಂಡ ಆಫೀಸಿನ ಕಂಪ್ಯೂಟರಿನಲ್ಲಿ ನೋಡಲಿ ಎಂದು ಅದರಲ್ಲಿ ಪದ್ಯ ಕಟ್ಟುತ್ತಿದ್ದರು. ಕಾಗದದಲ್ಲಿ ಬರೆದರೆ ಸಾಲದೇ ಎಂದು ಕೇಳಿದ್ದೆ.

"ಕಾಗದದಲ್ಲಿ ಅಕ್ಷರ ಸುಮ್ಮನೆ ಕೂತಿರ್ತದೆ ಸರ್. ಇಲ್ಲಿ ಓಡ್ತದಲ್ಲ!"

ಸಾಲು ಓಡಿಸಲು ಕಲಿತ ಮೇಲೆ ಅವರ ಸಾಲುಗಳೇ ಗಿಡ್ಡವಾದವು. ಪರದೆ ದಾಟುವುದರೊಳಗೆ ಓದಿ ಮುಗಿಯಬೇಕಲ್ಲ. ಮಿನುಗಿಸುವ ವಿದ್ಯೆ ಹೇಳಿಕೊಟ್ಟಾಗ ನಾನು ದೊಡ್ಡ ಪಂಡಿತನ ಹಾಗೆ, "ಎಲ್ಲದಕ್ಕೂ ಹಾಕ್ಬೇಡಿ, ಮುಖ್ಯವಾದ ಒಂದೇ ಮಾತಿಗೆ ಹಾಕಿ" ಎಂದಿದ್ದೆ. ಅವರು ಕೊನೆಯ ಸಾಲಿಗೆ ಮಾತ್ರ ಹಾಕಿದರು.

ಪಂಡಿತ ಒಂದು ಮಾತು ಹೇಳಲು ಮರೆತಿದ್ದ. ನಮ್ಮ ಕನ್ನಡ ಫಾಂಟ್ ನೋಡುವವರ ಕಂಪ್ಯೂಟರಿನಲ್ಲೂ ಇರಬೇಕಿತ್ತು.

ಫ್ಲಾಪಿ ಹಿಡಿದುಕೊಂಡು ಇಬ್ಬರೂ ಪುತ್ತೂರಿಗೆ ಹೋದೆವು. ಕಂಪ್ಯೂಟರ್ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪೂರಾ ಫಂಗಸ್. ಎಂತ ಮಾಡ್ಲಿಕ್ಕೂ ಆಗುದಿಲ್ಲ" ಎಂದರು. ಪುಟಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ವೆಬ್‌ಸೈಟಂತೂ ಎಂದೋ ಮುಚ್ಚಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಹಮೀದ್ ಹೇಳಿದರು: "ನಾನು ಆಗ ಒಂದಕ್ಷರ ಓದ್ಲಿಲ್ಲ ಮಾರಾಯ್ರೆ. ನಂಗೆ ಕಂಡದ್ದು ಬರೀ ಎಂತೆಂತದೋ ಗುರುತುಗಳು ಓಡುದು. ಅವಳಿಗೆ ಬೇಜಾರಾಗ್ತದೆ ಅಂತ ಫೋನಲ್ಲಿ ಚಂದ ಉಂಟು ಅಂದೆ. ಎಷ್ಟು ಖುಷಿಯಾಯ್ತು ಗೊತ್ತುಂಟಾ ಅವಳಿಗೆ!"

ಫಾಂಟಿನ ವಿಷಯ ತಿಳಿಸಿ, ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

"ಹೋಗ್ಲಿ. ಕೊನೆಗೆ ಒಂದು ಮಿನುಗ್ತಾ ಇತ್ತಲ್ಲ, ಅದು ಎಂತ ಬರೆದದ್ದು? ನೀವು ಪಕ್ಕದಲ್ಲೇ ಇದ್ರಲ್ಲ."

ಇದ್ದೆ. ಒಂದಿಡೀ ಸಂಜೆ ಆ ಸಾಲಿನ ಮುಂದೆಯೇ ಕೂತಿದ್ದೆ. ಸರಿಯಾಗಿ ಮಿನುಗುತ್ತದೆಯೇ ಎಂದಷ್ಟೇ ನೋಡಿದ್ದೆ.

"ನೆನಪಾದರೆ ಹೇಳ್ತೇನೆ" ಎಂದೆ.

ಈಗ ಶುಕ್ರವಾರ ಸುಳ್ಯಕ್ಕೆ ನಮಾಜಿಗೆ ಬಂದಾಗಲೆಲ್ಲ ಅವರು ನಮ್ಮ ಗೇಟಿನ ಹತ್ತಿರ ನಿಲ್ಲುತ್ತಾರೆ. ಇವತ್ತೂ ನಿಂತಿದ್ದರು. "ನೆನಪಾಯ್ತಾ ಸರ್?"

ಇನ್ನೂ ಇಲ್ಲ ಎಂದೆ. ನಾನೂ ಓದಿಯೇ ಇರಲಿಲ್ಲ ಎಂದು ಹೇಳಲು ಇವತ್ತೂ ಬಾಯಿ ಬರಲಿಲ್ಲ.